ಬಾನೆಟ್ ಮೇಲಿನ ಅಂಗೈ

ಮೊದಲೇ ಒಂದು ತಪ್ಪೊಪ್ಪಿಕೊಂಡುಬಿಡುತ್ತೇನೆ. ಕೊರಟಗೆರೆಯ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವ ನಾನು ಹದಿನೆಂಟು ವರ್ಷದಿಂದ ಕಪ್ಪುಹಲಗೆಯ ಮೇಲೆ ಎಂಜಿನ್ನಿನ ಚಿತ್ರ ಬರೆಯುತ್ತಾ ಬಂದಿದ್ದೇನೆ. ಪಿಸ್ಟನ್ನಿಗೆ ಹಳದಿ ಸೀಮೆಸುಣ್ಣ, ಪೆಟ್ರೋಲಿಗೆ ಗುಲಾಬಿ, ಹೊಗೆಗೆ ಬಿಳಿ. ಚಿತ್ರ ಎಷ್ಟು ಸೊಗಸಾಗಿರುತ್ತದೆಂದರೆ ಮುಂದಿನ ಪೀರಿಯಡ್ಡಿಗೆ ಬರುವ ಗಣಿತದ ಮೇಷ್ಟ್ರಿಗೆ ಅದನ್ನು ಅಳಿಸಲು ಮನಸ್ಸೇ ಬರುವುದಿಲ್ಲ. ಹಲಗೆಯ ಮೂಲೆಯಲ್ಲೇ ಲೆಕ್ಕ ಮುಗಿಸಿಕೊಂಡು ಹೋಗುತ್ತಾರೆ. ಇಂಥ ನಾನು, ಐದು ವರ್ಷದ ಹಿಂದೆ, ಆಸೆಪಟ್ಟು ಕೊಂಡ ಹಳೇ ಅಂಬಾಸಿಡರ್ ಕಾರಿನ ಬಾನೆಟ್ಟನ್ನು ಮೊದಲ ಸಲ ಎತ್ತಿ ನೋಡಿದೆ. ಒಳಗೆ ಹಳದಿಯೂ ಇಲ್ಲ, ಗುಲಾಬಿಯೂ ಇಲ್ಲ. ಎಲ್ಲವೂ ಒಂದೇ ಮಸಿಬಣ್ಣ. ಪಿಸ್ಟನ್ ಎಲ್ಲಿದೆ ಎಂದು ಯಾರಾದರೂ ಕೇಳಿಬಿಟ್ಟಾರೆಂದು ಹೆದರಿ, ಅತ್ತಿತ್ತ ನೋಡಿ, ಮೆಲ್ಲಗೆ ಮುಚ್ಚಿದೆ.

ಆ ಕಾರು ನಮ್ಮೂರಿನ ಡಾಕ್ಟರೊಬ್ಬರದು. ಚಿಕ್ಕಂದಿನಲ್ಲಿ ಒಮ್ಮೆ ಅದರ ಹಿಂದಿನ ಸೀಟಿನಲ್ಲಿ ಜ್ವರದಿಂದ ಮಲಗಿ ತುಮಕೂರಿನ ಆಸ್ಪತ್ರೆಗೆ ಹೋಗಿದ್ದೆ. ಕಿಟಕಿಯಲ್ಲಿ ಹಿಂದಕ್ಕೆ ಓಡುತ್ತಿದ್ದ ಹುಣಿಸೆಮರಗಳು ಮಾತ್ರ ನೆನಪಿವೆ. ಡಾಕ್ಟರು ಹೋದ ಮೇಲೆ ಅದು ಗುಜರಿಗೆ ಹೋಗುತ್ತದಂತೆ ಎಂದು ಕೇಳಿ ತಡೆಯಲಾಗಲಿಲ್ಲ. ಮನೆಯ ಮುಂದೆ ತಂದು ನಿಲ್ಲಿಸಿದ ದಿನ ನಮ್ಮ ಯಜಮಾನರು ಅದರ ಸುತ್ತ ಒಂದು ಸುತ್ತು ಬಂದು, "ಇಷ್ಟೇ ಜಾಗದಲ್ಲಿ ಎಮ್ಮೆ ಕಟ್ಟಿದ್ರೆ ಹಾಲಾದ್ರೂ ಕೊಡೋದು" ಎಂದು ಒಳಗೆ ಹೋದರು. ಆಮೇಲೆ ಅವರೇ ಅದಕ್ಕೆ ಹೊದಿಕೆ ಹೊಲಿಸಿ ತಂದರು ಎನ್ನುವುದನ್ನೂ ಹೇಳಬೇಕು.

ಹೀಗೆ ನಾನು ಕೂಟಕ್ಕೆ ಸೇರಿದೆ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ, ಈ ನಾಲ್ಕು ತಾಲ್ಲೂಕಿನ ಹಳೇ ಕಾರಿನ ಹುಚ್ಚರು ವರ್ಷಕ್ಕೊಮ್ಮೆ, ಸಂಕ್ರಾಂತಿ ಕಳೆದ ಮೇಲಿನ ಒಂದು ಭಾನುವಾರ, ಮಧುಗಿರಿ ಬೆಟ್ಟದ ಬುಡದ ಬಯಲಿನಲ್ಲಿ ಸೇರುತ್ತೇವೆ. ಅಲ್ಲಿಂದ ಸಾಲಾಗಿ ಹೊರಟು, ಆ ವರ್ಷ ಯಾವ ತಾಲ್ಲೂಕಿನ ಸರದಿಯೋ ಆ ತಾಲ್ಲೂಕಿನವರು ಹೇಳಿದ ಊರಿನಲ್ಲಿ ಉಂಡು ಮನೆಗೆ ಹೋಗುತ್ತೇವೆ. ಕೂಟಕ್ಕೆ ಹೆಸರಿಲ್ಲ, ಬೋರ್ಡಿಲ್ಲ, ಬಹುಮಾನವಿಲ್ಲ. ಕಟ್ಟಳೆ ಮಾತ್ರ ಇವೆ. ಕಾರು ತನ್ನ ಚಕ್ರದ ಮೇಲೆ ತಾನೇ ಬರಬೇಕು, ಲಾರಿಯ ಮೇಲೆ ಹೇರಿಕೊಂಡು ತರುವಂತಿಲ್ಲ. ಒಂದು ಕಾರು ನಿಂತರೆ ಎಲ್ಲವೂ ನಿಲ್ಲಬೇಕು, ಅದು ಹೊರಡುವ ತನಕ ಇನ್ನೊಂದು ಹೊರಡಕೂಡದು. ಮತ್ತೆ, ಬಯಲಿನಿಂದ ಹೊರಡುವ ಮೊದಲು ಪ್ರತಿಯೊಂದು ಕಾರಿಗೂ ಇಬ್ರಾಹಿಂ ಚಾಚಾ ಕಿವಿ ಕೊಡಬೇಕು.

ಕಿವಿ ಕೊಡುವುದು ನಮಗೆ ಹೊಸ ಮಾತೇನಲ್ಲ. ಯಾರಾದರೂ ಏನಾದರೂ ಹೇಳಿದರೆ ಕನ್ನಡದವರು ಕಿವಿಗೊಟ್ಟು ಕೇಳುತ್ತೇವೆ. ಕಣ್ಣನ್ನು ಇಡುತ್ತೇವೆ, ಬಾಯನ್ನು ಹಾಕುತ್ತೇವೆ, ಕಿವಿಯನ್ನು ಮಾತ್ರ ಕೊಟ್ಟುಬಿಡುತ್ತೇವೆ. ಚಾಚಾ ಕೊಡುತ್ತಿದ್ದುದನ್ನು ನೋಡಿದ ಮೇಲೆ ನನಗೆ ಆ ಪದದ ತೂಕ ತಿಳಿಯಿತು. ಅವರು ಶಿರಾದ ಹಳೇ ಮೆಕ್ಯಾನಿಕ್. ಮೊಳದುದ್ದದ, ಮರದ ಹಿಡಿಯ ಒಂದು ಸ್ಕ್ರೂಡ್ರೈವರ್ ಅವರ ಆಸ್ತಿ. ಅದರ ತುದಿಯನ್ನು ಓಡುತ್ತಿರುವ ಎಂಜಿನ್ನಿಗೆ ಊರಿ, ಹಿಡಿಯನ್ನು ಕಿವಿಗಿಟ್ಟು, ಕಣ್ಣು ಮುಚ್ಚುತ್ತಿದ್ದರು. ಸುತ್ತ ನಿಂತವರೆಲ್ಲ ಮಾತು ನಿಲ್ಲಿಸುತ್ತಿದ್ದೆವು. ನನ್ನ ಮೊದಲ ವರ್ಷ ನನ್ನ ಕಾರಿಗೆ ಹಾಗೆ ಕಿವಿ ಕೊಟ್ಟು, ಕಣ್ಣು ತೆರೆದು, "ಟೀಚರಮ್ಮ, ನಾಲ್ಕು ಜನ ಮಕ್ಳಲ್ಲಿ ಮೂರ್ನೇದು ಉಪವಾಸ ಐತೆ" ಎಂದರು. ವರ್ಷಗಟ್ಟಲೆ ನಾಲ್ಕು ಸಿಲಿಂಡರ್ ಬರೆದವಳಿಗೆ ಮೂರನೆಯದಕ್ಕೆ ಹಸಿವಾಗುತ್ತದೆಂದು ಅಂದೇ ಗೊತ್ತಾದದ್ದು.

ಕಳೆದ ವರ್ಷ ಚಾಚಾ ಬರಲಿಲ್ಲ. ಮೈ ಹುಷಾರಿಲ್ಲ ಎಂದು ಹೇಳಿ ಕಳಿಸಿದ್ದರು, ಆ ಒಂದು ಸಲ ಕಟ್ಟಳೆ ಮುರಿದು ಹಾಗೇ ಹೊರಟಿದ್ದೆವು. ಆಮೇಲೆ ನಿಜ ತಿಳಿಯಿತು. ಐವತ್ತು ವರ್ಷ ಸುತ್ತಿಗೆಯ ಸದ್ದಿನಲ್ಲಿ ಬದುಕಿದ ಅವರ ಎರಡೂ ಕಿವಿ ಪೂರ್ತಿ ಹೋಗಿದ್ದವು. ಈ ವರ್ಷ ಸರದಿ ನಮ್ಮ ಕೊರಟಗೆರೆಯದು, ಅಂದರೆ ಓಡಾಟವೆಲ್ಲ ನನ್ನ ತಲೆಯ ಮೇಲೆ. ಏನು ಮಾಡುವುದೆಂದು ಮಾತಾಡಲು ಮಧುಗಿರಿಯ ರುದ್ರೇಶ್ ಅವರ ಬಟ್ಟೆ ಅಂಗಡಿಯಲ್ಲಿ ಸೇರಿದೆವು. ರುದ್ರೇಶ್ ಒಳ್ಳೆಯ ಮನುಷ್ಯ. ಕೆನೆಬಣ್ಣದ ಅವರ ಪದ್ಮಿನಿ ಕಾರು ಕೂಟದಲ್ಲೇ ಅತಿ ಸುಂದರಿ.

"ನಾನೊಂದು ಯಂತ್ರ ತರ್ಸಿದೀನಿ ಮೇಡಂ," ಎಂದರು. "ಎಂಜಿನ್ ಮೇಲೆ ಇಟ್ರೆ ಫೋನಲ್ಲಿ ಗೆರೆ ಬರ್ತದೆ. ಗೆರೆ ನೆಟ್ಟಗಿದ್ರೆ ಎಲ್ಲಾ ಸರಿ ಅಂತ. ಚಾಚಾನೂ ಬರ್ಲಿ, ಮರ್ಯಾದೆಯಾಗಿ ಕರ್ಕೊಂಡು ಬರಾಣ. ಸ್ಕ್ರೂಡ್ರೈವರ್ ಹಿಡ್ಕೊಂಡು ಸುಮ್ನೆ ನಿಂತ್ರೆ ಸಾಕು. ಪದ್ಧತಿ ಉಳೀತದಲ್ಲ."

ಪಾವಗಡದ ಓಬಳರೆಡ್ಡಿಗೆ ಇದು ಸರಿಬರಲಿಲ್ಲ. ಅವರದು ತೆಲುಗು ಬೆರೆತ ಕನ್ನಡ, ಹಳೇ ಜೀಪು, ಹಿಂದಿನ ಸೀಟಿನಲ್ಲಿ ಅರ್ಧ ಗ್ಯಾರೇಜು. "ಫೋಟೋ ಕೋಸಂ ಆ ಮನ್ಷನ್ನ ಕರ್ಸೋದಾ? ಬ್ಯಾಡ ಸಾಮಿ. ಅಂಗಾದ್ರೆ ಆ ಪದ್ಧತಿನೇ ಬುಟ್ಬುಡಾಣ."

ಬಿಡುವುದೋ, ನಟಿಸುವುದೋ? ಎರಡೂ ಬೇಡವೆನ್ನಿಸಿತು, ಮೂರನೆಯದು ಹೊಳೆಯಲಿಲ್ಲ. ಕೊನೆಗೆ ಅವರನ್ನೇ ಕೇಳಿಬರುವುದೆಂದು ತೀರ್ಮಾನಿಸಿ ನನ್ನನ್ನು ಶಿರಾಕ್ಕೆ ಕಳಿಸಿದರು. ಕಷ್ಟದ ಕೆಲಸಕ್ಕೆ ಟೀಚರುಗಳನ್ನು ಕಳಿಸುವುದು ಈ ದೇಶದ ಹಳೆಯ ರೂಢಿ.

ಶಿರಾದ ಹಳೇ ಮಸೀದಿಯ ಆಚೆಯ ಓಣಿಯಲ್ಲಿ ಅವರ ಶೆಡ್ಡು, ಅದರ ಹಿಂದೆಯೇ ಮನೆ. ಯಾವುದೋ ಮಂಡಿಯಲ್ಲಿ ಕಡಲೆಕಾಯಿ ಸುರಿಯುತ್ತಿದ್ದರು, ಓಣಿಯ ತುಂಬ ಮಣ್ಣಿನ ವಾಸನೆ. ಶೆಡ್ಡಿನಲ್ಲಿ ಈಗ ಸ್ಕೂಟರು ರಿಪೇರಿ ಮಾಡುವವಳು ಅವರ ಮಗಳು ಶಾಹಿನಾ. ಟೀ ಕೊಟ್ಟು, ಗೋಡೆಗೆ ನೇತುಹಾಕಿದ್ದ ಸ್ಲೇಟು ತೆಗೆದು ನನ್ನ ಕೈಗಿತ್ತಳು. "ಇದ್ರಲ್ಲಿ ಬರೀರಿ ಮೇಡಂ. ಅಬ್ಬಾ ನಿಧಾನಕ್ಕೆ ಓದ್ತಾರೆ."

ನಾನು ಬರೆದೆ. ಚಾಚಾ ಬೆರಳಿಟ್ಟು ಓದಿದರು. ಕಿವಿ ಕೇಳದವರ ಹಾಗೆ ದೊಡ್ಡ ದನಿಯಲ್ಲಿ, ಆದರೆ ಬೇಸರವಿಲ್ಲದೆ ಹೇಳಿದರು. "ಬರಲ್ಲ ಟೀಚರಮ್ಮ. ಕೇಳ್ದೇ ಇರೋದ್ನ ಕೇಳ್ತು ಅನ್ನೋಕೆ ನಂಗೆ ಬರಾಕಿಲ್ಲ. ನಾನು ಸರಿ ಐತೆ ಅಂತೀನಿ, ಜನ ಹೆಂಡ್ತಿ ಮಕ್ಳನ್ನ ಕೂರಿಸ್ಕೊಂಡು ಹೋಗ್ತಾರೆ. ದಾರೀಲಿ ಏನಾರ ಆದ್ರೆ? ಅದು ಗುನ್ನಾ, ಪಾಪ."

ಆಗ ನನ್ನೊಳಗಿನ ವಿಜ್ಞಾನದ ಟೀಚರು ಎದ್ದು ನಿಂತಳು. ಶಬ್ದ ಗಾಳಿಗಿಂತ ಗಟ್ಟಿ ವಸ್ತುವಿನಲ್ಲಿ ಚೆನ್ನಾಗಿ ಹರಿಯುತ್ತದೆ. ಪ್ರತಿವರ್ಷ ಮಕ್ಕಳ ಹಲ್ಲಿಗೆ ಚಮಚ ಕಚ್ಚಿಸಿ, ಅದನ್ನು ಬಾರಿಸಿ, ತಲೆಯೊಳಗೆ ಗಂಟೆ ಹೊಡೆದಂತೆ ಕೇಳಿಸಿ ಚಪ್ಪಾಳೆ ಗಿಟ್ಟಿಸುವವಳು ನಾನು. ಉತ್ಸಾಹದಿಂದ ಸ್ಲೇಟಿನ ತುಂಬ ಬರೆದೆ: ಸ್ಕ್ರೂಡ್ರೈವರಿನ ಹಿಡಿಯನ್ನು ಕಿವಿಗಿಡಬೇಡಿ, ಹಲ್ಲಿನಲ್ಲಿ ಕಚ್ಚಿ. ಮೂಳೆಯಲ್ಲಿ ಹಾದು ಕೇಳುತ್ತದೆ.

ಚಾಚಾ ಓದಿದರು. ನನ್ನ ಮುಖ ನೋಡಿದರು. ಮತ್ತೊಮ್ಮೆ ಓದಿದರು. ಆಮೇಲೆ ಹೊಟ್ಟೆ ಕುಣಿಯುವ ಹಾಗೆ ನಗಲು ಶುರುಮಾಡಿ, ಬಾಯಿಗೆ ಕೈ ಹಾಕಿ, ಎರಡೂ ಸಾಲು ಹಲ್ಲನ್ನು ತೆಗೆದು ಅಂಗೈಯಲ್ಲಿಟ್ಟು ತೋರಿಸಿದರು. "ಈ ಹಲ್ಲೇ ನಂದಲ್ಲ ಟೀಚರಮ್ಮ!"

ಶಾಹಿನಾ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ನಾನು ಸ್ಲೇಟು ಒರೆಸಿದೆ. ಪುಸ್ತಕದಲ್ಲಿ ಕಟ್ಟಿಸಿದ ಹಲ್ಲಿನ ವಿಚಾರ ಇರಲಿಲ್ಲ.

ಬೀಳ್ಕೊಡಲು ಚಾಚಾ ಓಣಿಯ ತನಕ ಬಂದರು. ನಾನು ಕಾರು ಚಾಲೂ ಮಾಡಿದೆ. ಬಂದವರನ್ನು ಕಳಿಸುವಾಗ ಕಾರಿನ ಮೇಲೆ ಕೈಯೂರಿ ನಿಲ್ಲುವುದು ಅವರಿಗೆ ಮೊದಲಿಂದ ಅಭ್ಯಾಸ. ಅಂದೂ ಹಾಗೇ ಬಾನೆಟ್ಟಿನ ಮೇಲೆ ಅಂಗೈ ಇಟ್ಟು ನಿಂತಿದ್ದರು. ಇದ್ದಕ್ಕಿದ್ದಂತೆ ಅವರ ಹುಬ್ಬು ಗಂಟಾಯಿತು.

"ಟ್ಯಾಪೆಟ್ ಬಿಗಿ ಮಾಡ್ಸಿದ್ರಾ?"

ಮಾಡಿಸಿದ್ದೆ. ಎಂಜಿನ್ನಿನ ಕವಾಟ ತಳ್ಳುವ ಆ ಪುಟ್ಟ ತುಂಡುಗಳನ್ನು ಹಿಂದಿನ ತಿಂಗಳು, ತುಮಕೂರಿನಲ್ಲಿ. ಅವರಿಗೆ ಹೇಳಿರಲಿಲ್ಲ, ಯಾರಿಗೂ ಹೇಳಿರಲಿಲ್ಲ. ನಾನು ತಲೆಯಾಡಿಸಿದೆ. ಚಾಚಾ ಕೈ ತೆಗೆದು, ತಮ್ಮ ಅಂಗೈಯನ್ನೇ ತಿರುಗಿಸಿ ತಿರುಗಿಸಿ ನೋಡಿಕೊಂಡರು. ಅದು ಯಾರದೋ ಕೈ ಎನ್ನುವ ಹಾಗೆ ನೋಡಿದರು.

"ಆಫ್ ಮಾಡಿ. ಮತ್ತೆ ಹಾಕಿ." ಹಾಕಿದೆ. "ಇನ್ನೊಂದ್ಸಲ." ಹತ್ತು ಸಲವಾದರೂ ಹಾಕಿ ಆರಿಸಿರಬೇಕು. ಓಣಿಯ ಜನ ಬಾಗಿಲಿಗೆ ಬಂದು, ಟೀಚರಮ್ಮನ ಕಾರು ಕೆಟ್ಟಿತೆಂದು ಮರುಗಿದರು. ಕೊನೆಗೆ ಚಾಚಾ ಮಗಳ ಕಡೆ ತಿರುಗಿ ಉರ್ದುವಿನಲ್ಲಿ ಏನೋ ಅಂದು, ನನ್ನನ್ನು ಕೇಳಿದರು. "ಭಾನ್ವಾರ ಎಷ್ಟೊತ್ಗೆ?"

ಆ ವಾರವೆಲ್ಲ ಅವರು ಮನೆಯಲ್ಲಿ ಕೂರಲಿಲ್ಲವೆಂದು ಶಾಹಿನಾ ಫೋನಿನಲ್ಲಿ ಹೇಳಿದಳು. ಓಣಿಗೆ ಬಂದ ಆಟೋ, ಟ್ರ್ಯಾಕ್ಟರು, ನೀರಿನ ಟ್ಯಾಂಕರು ಯಾವುದನ್ನೂ ಬಿಡದೆ ಕೈಯಿಟ್ಟು ನೋಡಿದರಂತೆ. "ಹಿಟ್ಟಿನ ಗಿರಣಿ ಗೋಡೆಗೂ ಕೈ ಇಟ್ಕೊಂಡು ನಿಂತಿದ್ರು ಮೇಡಂ. ಜನ ಅಬ್ಬಾಗೆ ತಲೆ ಕೆಟ್ಟೈತೆ ಅಂತಿದಾರೆ."

ಭಾನುವಾರ ಬೆಳಿಗ್ಗೆ ಬಯಲಿನಲ್ಲಿ ಹದಿನಾಲ್ಕು ಕಾರು ಸೇರಿದವು. ಮಂಜು ಇನ್ನೂ ಪೂರ್ತಿ ಬಿಟ್ಟಿರಲಿಲ್ಲ. ಮಧುಗಿರಿ ಬೆಟ್ಟ ಒಂದೇ ಬಂಡೆ. ಅದರ ಬುಡದಲ್ಲಿ ನಿಂತರೆ ನಮ್ಮ ಹಳೇ ಕಾರುಗಳಿಗೆ ಹಳೇ ಅನ್ನುವುದಕ್ಕೇ ನಾಚಿಕೆಯಾಗುತ್ತದೆ. ಚಾಚಾ ಬಿಳಿ ಜುಬ್ಬಾ ಹಾಕಿಕೊಂಡು, ಬರಿಗೈಯಲ್ಲಿ ಬಂದಿಳಿದರು. ಸ್ಕ್ರೂಡ್ರೈವರ್ ಇರಲಿಲ್ಲ. ಜೊತೆಗೆ ಶಾಹಿನಾ, ಅವಳ ಕೈಯಲ್ಲಿ ಸ್ಲೇಟು.

ಮೊದಲು ಓಬಳರೆಡ್ಡಿಯ ಜೀಪು. ಚಾಚಾ ಅಂಗೈಯಿಟ್ಟು ಕಣ್ಣು ಮುಚ್ಚಿದರು. "ಗಾಳಿ ಜಾಸ್ತಿ ಕುಡೀತೈತೆ. ಪೆಟ್ರೋಲ್ ಒಂಚೂರು ಬುಡು." ರೆಡ್ಡಿ ಕಾರ್ಬುರೇಟರಿನ ತಿರುಪನ್ನು ಒಂದಿಷ್ಟು ತಿರುಗಿಸಿದರು. ಜೀಪಿನ ಸದ್ದು ಮೆತ್ತಗಾಯಿತು. ಹೀಗೆ ಒಂದೊಂದಾಗಿ ಮುಂದೆ ಹೋದರು. ಎಲ್ಲರೂ ತಲೆ ಬಾಗಿಸಿ ಕೇಳಿಸಿಕೊಂಡರೂ, ಕೆಲವರ ಮುಖದಲ್ಲಿ ಮುದುಕರಿಗೆ ನೋವಾಗದಿರಲಿ ಎಂಬ ಬಗೆಯ ಸೌಜನ್ಯವಿತ್ತು. ನನಗೆ ಆ ಸೌಜನ್ಯ ಕಂಡರೆ ಭಯವಾಗುತ್ತಿತ್ತು. ಚಾಚಾಗೆ ಕಿವಿ ಹೋಗಿತ್ತೇ ಹೊರತು ಕಣ್ಣು ಹೋಗಿರಲಿಲ್ಲ.

ಕೊನೆಗೆ ರುದ್ರೇಶರ ಪದ್ಮಿನಿ. ಕಾರಿನೊಳಗೆ ಅವರ ಹೆಂಡತಿ, ಅತ್ತೆ ಆಗಲೇ ಕೂತಿದ್ದರು. ಚಾಚಾ ಮೆರುಗಿಗೆ ಕಲೆಯಾಗಬಾರದೆಂದು ಜುಬ್ಬಾಕ್ಕೆ ಕೈ ಒರೆಸಿಕೊಂಡು ಬಾನೆಟ್ಟಿನ ಮೇಲಿಟ್ಟರು. ಬಹಳ ಹೊತ್ತು ತೆಗೆಯಲಿಲ್ಲ. ಬಾನೆಟ್ ಎತ್ತಿಸಿ, ಮುಂದಿನ ರೇಡಿಯೇಟರಿನ ಅಂಚಿಗೆ ಎರಡು ಬೆರಳು ತಾಗಿಸಿದರು. ಆಮೇಲೆ ಎಲ್ಲರಿಗೂ ಕೇಳುವಂತೆ ಹೇಳಿದರು. "ಇದು ಬರೋದು ಬ್ಯಾಡ. ವಾಟರ್ ಪಂಪಿನ ಬೇರಿಂಗ್ ಹೋಗೈತೆ."

ರುದ್ರೇಶರ ಮುಖ ಸಪ್ಪಗಾಯಿತು. ಶಾಹಿನಾಳ ಹತ್ತಿರ ಹೋಗಿ ತಗ್ಗಿದ ದನಿಯಲ್ಲಿ, "ಈಗ್ತಾನೆ ಮಷೀನ್ ಇಟ್ಟು ನೋಡಿದೀನಿ ಕಣಮ್ಮ. ಗೆರೆ ನೆಟ್ಟಗೇ ಐತೆ. ನಿಮ್ಮಪ್ಪಂಗೆ ಹೆಂಗಮ್ಮ ಹೇಳೋದು?" ಎಂದರು.

ಬೇರೆ ಮಗಳಾಗಿದ್ದರೆ ಏನಾದರೂ ಸಮಾಧಾನ ಹೇಳುತ್ತಿದ್ದಳೇನೋ. ಶಾಹಿನಾ ರುದ್ರೇಶ್ ಹೇಳಿದ್ದನ್ನು ಒಂದಕ್ಷರ ಬಿಡದೆ ಸ್ಲೇಟಿನ ಮೇಲೆ ಬರೆದು ಅಪ್ಪನ ಮುಂದೆ ಹಿಡಿದಳು. ಚಾಚಾ ಬೆರಳಿಟ್ಟು ಓದಿದರು. ಕೋಪ ಮಾಡಿಕೊಳ್ಳಲಿಲ್ಲ. ಎಂಜಿನ್ ಆರಿಸಲು ಸನ್ನೆ ಮಾಡಿ, ಸ್ಪ್ಯಾನರ್ ಇಸಿದುಕೊಂಡು ಬೆಲ್ಟನ್ನು ಸಡಿಲಿಸಿದರು. ಆಮೇಲೆ ರುದ್ರೇಶರ ಕೈ ಹಿಡಿದು ಮುಂದಿನ ಫ್ಯಾನಿನ ಮೇಲಿಟ್ಟರು. "ಅಲ್ಲಾಡ್ಸಿ."

ರುದ್ರೇಶ್ ಅಲ್ಲಾಡಿಸಿದರು. ಗಟ್ಟಿಯಾಗಿ ಕೂತಿರಬೇಕಾದ ಫ್ಯಾನು ಸಡಿಲು ಹಲ್ಲಿನಂತೆ ಟಕಟಕ ಆಡಿತು. ಆ ಸದ್ದು ಹಿಂದಿನ ಸಾಲಿನವರಿಗೂ ಕೇಳಿಸಿತು. ಬಯಲಿನಲ್ಲಿ ಅದನ್ನು ಕೇಳದೆ ಹೋದವರು ಚಾಚಾ ಒಬ್ಬರೇ.

"ದಾರೀಲಿ ಈ ಫ್ಯಾನು ಕಿತ್ಕೊಂಡಿದ್ರೆ ರೇಡಿಯೇಟರ್ ಹರ್ಕೊಂಡು ಬರ್ತಿತ್ತು," ಎಂದು ಓಬಳರೆಡ್ಡಿ ಮೆಲ್ಲಗೆ ಅಂದರು. ರುದ್ರೇಶ್ ಕಾರಿನೊಳಗೆ ಕೂತ ಹೆಂಡತಿಯ ಕಡೆ ಒಮ್ಮೆ ನೋಡಿದರು. ಆಮೇಲೆ ಚಾಚಾರ ಗ್ರೀಸು ಮೆತ್ತಿದ ಕೈಯನ್ನು ಎರಡೂ ಕೈಯಲ್ಲಿ ಹಿಡಿದು ಕಣ್ಣಿಗೊತ್ತಿಕೊಂಡರು. ಅವರ ಹಣೆಯ ವಿಭೂತಿಯ ಪಕ್ಕದಲ್ಲಿ ಒಂದು ಕಪ್ಪು ಪಟ್ಟೆ ಉಳಿಯಿತು. ಇಡೀ ದಿನ ಅದನ್ನವರು ಒರೆಸಿಕೊಳ್ಳಲಿಲ್ಲ. ಗೊತ್ತಿರಲಿಲ್ಲವೋ, ಗೊತ್ತಿದ್ದೇ ಬಿಟ್ಟರೋ, ನಾನು ಕೇಳಲಿಲ್ಲ.

"ನೀವೆಲ್ಲಾ ಹೊರಡಿ, ನಾನು ಆಮೇಲೆ ಬಸ್ಸಲ್ಲಿ ಬತ್ತೀನಿ," ಎಂದರು ರುದ್ರೇಶ್. ಯಾರೂ ಹೊರಡಲಿಲ್ಲ. ಕಟ್ಟಳೆ ಕಟ್ಟಳೆಯೇ. ಭಾನುವಾರ ಮುಚ್ಚಿದ್ದ ಒಂದು ಬಿಡಿಭಾಗದ ಅಂಗಡಿಯನ್ನು ತೆಗೆಸಿ, ಬೇರಿಂಗ್ ತರಿಸಿ, ಅಪ್ಪ ಮಗಳು ಇಬ್ಬರೂ ಸೇರಿ ಪಂಪು ಬಿಚ್ಚಿ ಕೂರಿಸುವ ಹೊತ್ತಿಗೆ ಎರಡೂವರೆ ಗಂಟೆ ಕಳೆಯಿತು. ಊಟಕ್ಕೆ ಗೊತ್ತುಮಾಡಿದ್ದ ಚನ್ನರಾಯನದುರ್ಗದಲ್ಲಿ ಅಡಿಗೆಗೆ ನಿಂತಿದ್ದ ನಮ್ಮ ಜಯಮ್ಮ ಕಾಲು ಗಂಟೆಗೊಮ್ಮೆ ಫೋನ್ ಮಾಡಿ, "ಎಲ್ಲಿದ್ದೀರಮ್ಮೋ, ಮುದ್ದೆ ಆರೋಗ್ತಾವೆ ಕಣಮ್ಮೋ" ಎಂದು ಗೋಳಾಡಿದಳು.

ಕಾಯುವಾಗ ನನ್ನಂಥವರಿಗೆ ಪದಗಳು ನೆನಪಾಗುತ್ತವೆ. ನಮ್ಮ ಶಾಲೆಯ ಕನ್ನಡ ಪಂಡಿತರು ಒಮ್ಮೆ ಸಂಪ್ರದಾಯ ಎಂಬ ಪದವನ್ನು ಬಿಡಿಸಿ ಹೇಳಿದ್ದರು. ಅದರೊಳಗೆ ಇರುವುದು ಕೊಡುವುದು ಎಂಬ ಅರ್ಥವಂತೆ, ಚೆನ್ನಾಗಿ ಕೊಡುವುದು, ಕೈಗೆ ಒಪ್ಪಿಸುವುದು. ಅಂದು ಅದನ್ನು ಕೇಳಿ ಆಕಳಿಸಿದ್ದೆ. ನಾನು ಸಂಪ್ರದಾಯವೆಂದರೆ ಇಟ್ಟುಕೊಳ್ಳುವುದು ಎಂದೇ ತಿಳಿದಿದ್ದೆ, ಬೀರುವಿನಲ್ಲಿ ನುಸಿಗುಳಿಗೆ ಹಾಕಿ ರೇಷ್ಮೆಸೀರೆ ಇಟ್ಟುಕೊಂಡ ಹಾಗೆ. ಈಗ ಕಾರಿನಡಿ ಮಲಗಿದ್ದ ಶಾಹಿನಾ ಕೈಚಾಚುವುದು, ಅವಳು ಬಾಯಿ ತೆರೆಯುವ ಮೊದಲೇ ಬೇಕಾದ ಸ್ಪ್ಯಾನರನ್ನು ಅಪ್ಪ ಆ ಕೈಗಿಡುವುದು, ಅದನ್ನು ನೋಡುತ್ತಾ ಪಂಡಿತರ ಬಳಿ ಮನಸ್ಸಿನಲ್ಲೇ ಕ್ಷಮೆ ಕೇಳಿದೆ.

ಅಂತೂ ಹೊರಟೆವು. ಕೊರಟಗೆರೆಯ ದಾರಿಯಲ್ಲಿ ಹದಿನಾಲ್ಕು ಕಾರು ಸಾಲಾಗಿ ಹೋಗುವುದನ್ನು ನೋಡಲು ಜನ ಹೊಲದಿಂದ ರಸ್ತೆಗೆ ಬಂದರು. ದುರ್ಗದ ಬೆಟ್ಟ ಕಾಣುವ ತಿರುವಿನಲ್ಲಿ ನನ್ನ ಕಾರು ಎರಡು ಸಲ ಕೆಮ್ಮಿ ನಿಂತಿತು. ಹಿಂದೆ ಮುಂದೆ ಎಲ್ಲವೂ ನಿಂತವು. ಸರದಿಯ ತಾಲ್ಲೂಕಿನವಳ ಕಾರೇ ಕೆಟ್ಟರೆ ಹೇಗಾಗಬೇಡ! ಅದಕ್ಕಿಂತ ಹೆಚ್ಚಾಗಿ, ಬೆಳಿಗ್ಗೆ ಚಾಚಾ ನನ್ನ ಕಾರಿಗೆ ಸರಿಯಿದೆಯೆಂದು ಹೇಳಿದ್ದರಲ್ಲ, ಆ ಮಾತು ಸುಳ್ಳಾಯಿತೇ ಎಂದು ಹೆದರಿದೆ. ಚಾಚಾ ಇಳಿದು ಬಂದರು. ಬಾನೆಟ್ಟಿನ ಕಡೆ ನೋಡಲೂ ಇಲ್ಲ. ನೇರ ಹಿಂದಕ್ಕೆ ಹೋಗಿ, ಟ್ಯಾಂಕಿನ ಬಳಿ ಬಗ್ಗಿ, ಗೆಣ್ಣಿನಿಂದ ಎರಡು ಸಲ ಕುಟ್ಟಿದರು.

"ಎಂಜಿನ್‌ಗೆ ಏನೂ ಆಗಿಲ್ಲ. ನೀವು ಹೊಟ್ಟೆಗೇ ಹಾಕಿಲ್ಲ ಟೀಚರಮ್ಮ!"

ಅವರ ದನಿಯ ಅಳತೆ ಅವರಿಗೆ ತಿಳಿಯದು. ಹದಿನಾಲ್ಕು ಕಾರಿಗೂ ಕೇಳಿಸಿತು. ನನ್ನ ಕಾರಿನ ಪೆಟ್ರೋಲ್ ಮುಳ್ಳು ಒಂದು ವರ್ಷದಿಂದ ಅರ್ಧ ಟ್ಯಾಂಕಿಗೇ ಅಂಟಿಕೊಂಡಿತ್ತು, ನಾನೂ ಅದನ್ನು ಪಾಪ ನಂಬಿಕೊಂಡಿದ್ದೆ. "ಅಯ್ಯೋ ಅಕ್ಕಾ, ಪೆಟ್ರೋಲ್ ಲೇದಾ?" ಎಂದು ಓಬಳರೆಡ್ಡಿ ಡಬ್ಬ ಹಿಡಿದು ಓಡಿಬಂದರು. ಪಕ್ಕದಲ್ಲಿ ಕೂತಿದ್ದ ನಮ್ಮ ಯಜಮಾನರು ಎಮ್ಮೆಯ ಮಾತೆತ್ತಲಿಲ್ಲ, ಆದರೆ ಕಿಟಕಿಯ ಕಡೆ ಮುಖ ಮಾಡಿ ಬಹಳ ಹೊತ್ತು ಬೆಟ್ಟ ನೋಡಿದರು.

ಮುದ್ದೆ ಆರಿತ್ತು. ಹುರುಳಿಕಾಳಿನ ಸಾರು ಬಿಸಿಯಿತ್ತು, ಸಾಕಾಯಿತು. ಊಟವಾದ ಮೇಲೆ ದುರ್ಗದ ಬುಡದ ಹುಣಿಸೆಮರದ ನೆರಳಿನಲ್ಲಿ ಎಲ್ಲರೂ ಕೂತಿದ್ದಾಗ ರುದ್ರೇಶ್ ಸ್ಲೇಟು ಇಸಿದುಕೊಂಡು ಏನೋ ಬರೆದು ಚಾಚಾರ ಮುಂದೆ ಹಿಡಿದರು. ನಾನು ಬಗ್ಗಿ ಓದಿದೆ. "ನಮಗೂ ಹೇಳಿಕೊಡಿ" ಎಂದಿತ್ತು.

ಚಾಚಾ ಓದಿದರು. ನಂತರ ಎದ್ದು, ಪದ್ಮಿನಿಯನ್ನು ಚಾಲೂ ಮಾಡಲು ಹೇಳಿ, ಮೊದಲು ಶಾಹಿನಾಳ ಕೈ ಹಿಡಿದು ಬಾನೆಟ್ಟಿನ ಮೇಲಿಟ್ಟರು. ಅವಳು ಕಣ್ಣು ಮುಚ್ಚಿ, ಸ್ವಲ್ಪ ಹೊತ್ತಿನಲ್ಲೇ ನಕ್ಕು, "ಈಗ ಸರೀಗೈತೆ ಅಬ್ಬಾ" ಎಂದಳು. ಅಬ್ಬಾಗೆ ಅದು ಕೇಳಲಿಲ್ಲ, ಆದರೆ ಅವಳ ಮುಖ ನೋಡಿ ತಲೆಯಾಡಿಸಿದರು. ಆಮೇಲೆ ರುದ್ರೇಶ್, ರೆಡ್ಡಿ, ಒಬ್ಬೊಬ್ಬರಾಗಿ ಹದಿನಾಲ್ಕು ಕಾರಿನವರೂ ಬಂದರು. ಒಂದು ಹಳೇ ಕಾರಿನ ಸುತ್ತ ಇಷ್ಟು ಜನ ದೊಡ್ಡವರು ಕಣ್ಣು ಮುಚ್ಚಿ, ಉಸಿರು ಬಿಗಿಹಿಡಿದು ನಿಂತದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ. ಯಾರೂ ನಗಲಿಲ್ಲ.

ಕೊನೆಗೆ ನನ್ನ ಸರದಿ. ಚಾಚಾ ನನ್ನ ಅಂಗೈಯನ್ನು ಒತ್ತಿ ಹಿಡಿದರು. ಅವರ ಕೈ ಒರಟಾಗಿತ್ತು, ಬೆಚ್ಚಗಿತ್ತು. ನಾನು ಮನಸ್ಸಿಟ್ಟು ಹುಡುಕಿದೆ. ಪಿಸ್ಟನ್ ಸಿಗಲಿಲ್ಲ, ಟ್ಯಾಪೆಟ್ ಸಿಗಲಿಲ್ಲ, ಒಂದೇ ಒಂದು ನಡುಕ, ಅದರೊಳಗೆ ಯಾವುದು ಯಾವುದೋ. ನಾಚಿಕೆಯಾಯಿತು. ಸುಳ್ಳು ಹೇಳಲು ಅದು ಜಾಗವಲ್ಲ. ಸ್ಲೇಟು ತೆಗೆದುಕೊಂಡು ನಿಜವನ್ನೇ ಬರೆದೆ: ಏನೂ ಗೊತ್ತಾಗಲಿಲ್ಲ ಚಾಚಾ, ಬಿಸಿಯಿದೆ ಅನ್ನುವುದೊಂದು ಬಿಟ್ಟು.

ಅವರು ಬೆರಳಿಟ್ಟು ಓದಿದರು. ನನ್ನ ಬೆನ್ನ ಮೇಲೆ ಮೆಲ್ಲಗೆ ತಟ್ಟಿದರು.

"ಅಷ್ಟು ಗೊತ್ತಾಯ್ತಲ್ಲ, ಸಾಕು. ನಂಗೂ ಕೆಲ್ಸಕ್ಕೆ ಸೇರ್ದ ಮೊದಲ್ನೇ ವರ್ಷ ಅಷ್ಟೇ ಗೊತ್ತಾಗಿದ್ದು."